ಕಣ್ಣು, ಕಿವಿ, ಬಾಯಿ ಮುಚ್ಚಿಕೊಂಡ ಕೋತಿಗಳ ಎಮೋಜಿ: ಪದೇ ಪದೇ ಕೇಳುವ ಪ್ರಶ್ನೆಗಳು

ಸಂದೇಶಗಳಲ್ಲಿ ನಾಯಿಯ ಚಿತ್ರ ಹಾಕಿದವರು ಬಹುಮಟ್ಟಿಗೆ ನಾಯಿಯ ವಿಷಯವನ್ನೇ ಹೇಳುತ್ತಿರುತ್ತಾರೆ. ಆದರೆ 🙈, 🙉, 🙊 ಎಂಬ ಮೂರು ಕೋತಿಮುಖಗಳನ್ನು ಹಾಕಿದವರು ಕೋತಿಯ ವಿಷಯ ಹೇಳುತ್ತಿರುವುದು ತೀರ ಅಪರೂಪ. ಗಾಂಧೀಜಿಯವರ ಮೂರು ಕೋತಿಗಳನ್ನು ಶಾಲೆಯ ಗೋಡೆಯ ಮೇಲೆ ನೋಡಿ ಬೆಳೆದ ಹಿರಿಯರು ಇವುಗಳನ್ನು ಒಂದು ಬಗೆಯಲ್ಲಿ ಓದಿಕೊಳ್ಳುತ್ತಾರೆ, ಮೊಬೈಲಿನಲ್ಲೇ ಮೊದಲು ಕಂಡ ಕಿರಿಯರು ಇನ್ನೊಂದು ಬಗೆಯಲ್ಲಿ. ಒಂದೇ ಮನೆಯ ವಾಟ್ಸಾಪ್ ಗುಂಪಿನಲ್ಲಿ ಈ ಎರಡು ಓದುಗಳೂ ಇರುವುದರಿಂದ ಹುಟ್ಟುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲು ಪ್ರಯತ್ನಿಸಲಾಗಿದೆ.

ಈ ಮೂರು ಎಮೋಜಿಗಳ ಹೆಸರೇನು? ಇವು ಯಾವಾಗ ಬಂದವು?

ಇಂಗ್ಲಿಷಿನಲ್ಲಿ ಇವುಗಳ ಹೆಸರು ಕ್ರಮವಾಗಿ ಸೀ ನೋ ಈವಿಲ್ ಮಂಕಿ, ಹಿಯರ್ ನೋ ಈವಿಲ್ ಮಂಕಿ ಮತ್ತು ಸ್ಪೀಕ್ ನೋ ಈವಿಲ್ ಮಂಕಿ. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತಸಂಖ್ಯೆ ನೀಡುವ ಯೂನಿಕೋಡ್ ವ್ಯವಸ್ಥೆಯ 6.0 ಆವೃತ್ತಿಯಲ್ಲಿ, ಅಂದರೆ 2010ರಲ್ಲಿ, ಜಪಾನಿನ ಮೊಬೈಲ್ ಕಂಪನಿಗಳ ಎಮೋಜಿಗಳು ದೊಡ್ಡ ಪ್ರಮಾಣದಲ್ಲಿ ಸೇರಿದಾಗ ಇವೂ ಸೇರಿದವು. ಕನ್ನಡದಲ್ಲಿ ಮಾತನಾಡುವಾಗ ಕಣ್ಣು ಮುಚ್ಚಿದ ಕೋತಿ, ಕಿವಿ ಮುಚ್ಚಿದ ಕೋತಿ, ಬಾಯಿ ಮುಚ್ಚಿದ ಕೋತಿ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಹೊಸ ಹೆಸರುಗಳನ್ನು ಕಟ್ಟುವ ಅಗತ್ಯವಿಲ್ಲ.

ಯೂನಿಕೋಡ್ ತನ್ನ ಪಟ್ಟಿಯಲ್ಲಿ ಈ ಮೂರನ್ನು ಪ್ರಾಣಿಗಳ ಗುಂಪಿನಲ್ಲಿ ಇಡದೆ, ನಗುಮುಖ ಮತ್ತು ಭಾವನೆಗಳ ಗುಂಪಿನಲ್ಲಿ ಇರಿಸಿದೆ ಎಂಬುದನ್ನು ಗಮನಿಸಬೇಕು. ಕೆಲವು ಫೋನುಗಳ ಕೀಲಿಮಣೆಯಲ್ಲಿ ಇವು ಹಸು, ಹಂದಿಗಳ ಜೊತೆಗೆ ಕಾಣಿಸಿಕೊಂಡರೂ, ಇವು ಹೇಳುವುದು ಮನುಷ್ಯರ ಮುಖಭಾವವನ್ನೇ.

🙈 ಎಂದರೆ ಏನು?

ಇಂದಿನ ಬಳಕೆಯಲ್ಲಿ ಇದರ ಮೊದಲ ಅರ್ಥ ನಾಚಿಕೆ. ಯಾರಾದರೂ ಹೊಗಳಿದಾಗ ಮುಖ ಮುಚ್ಚಿಕೊಂಡು ನಾಚಿ ನೀರಾಗುವವರು ಉತ್ತರದ ಬದಲಿಗೆ ಇದೊಂದನ್ನೇ ಕಳುಹಿಸುವುದುಂಟು. ಎರಡನೆಯ ಅರ್ಥ ಪೇಚಿಗೆ ಸಿಕ್ಕಿಕೊಂಡವರ ತಪ್ಪೊಪ್ಪಿಗೆ: «ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದೆ 🙈» ಎಂದಾಗ ತಪ್ಪು ತನ್ನದೇ ಎಂದು ಹೇಳಿದಂತೆಯೂ ಆಗುತ್ತದೆ, ಬೈಯಬೇಡಿ ಎಂದು ಕೇಳಿಕೊಂಡಂತೆಯೂ ಆಗುತ್ತದೆ. ಮೂರನೆಯದು ನೋಡಲಾಗದ ಸಂಕಟ. 2008ರಿಂದ ಆಡುತ್ತಾ ಬಂದು 2025ರ ಜೂನ್ 3ರಂದು ಮೊದಲ ಬಾರಿಗೆ ಐಪಿಎಲ್ ಕಪ್ ಗೆದ್ದ ಆರ್‌ಸಿಬಿಯ ಅಭಿಮಾನಿಗಳಿಗೆ ಕೊನೆಯ ಓವರಿನ ಹೊತ್ತಿನಲ್ಲಿ ಈ ಕೋತಿ ಎಷ್ಟು ಉಪಯೋಗಕ್ಕೆ ಬಂದಿದೆ ಎಂಬುದನ್ನು ವಿವರಿಸಬೇಕಾಗಿಲ್ಲ.

ಈ ಮೂರರಲ್ಲಿ ಯಾವುದು ಸರಿ ಎಂದು ತಿಳಿಯಲು ಒಂದು ಸರಳವಾದ ದಾರಿಯಿದೆ. ಸಂದೇಶದಲ್ಲಿ ಹೇಳಿದ ಕೆಲಸವನ್ನು ಮಾಡಿದವರು ಯಾರು ಎಂದು ನೋಡಬೇಕು. ಕಳುಹಿಸಿದವರೇ ಮಾಡಿದ್ದರೆ ಅದು ನಾಚಿಕೆ ಅಥವಾ ತಪ್ಪೊಪ್ಪಿಗೆ. ಬೇರೆಯವರು ಮಾಡಿದ್ದರೆ ಅದು «ಇದನ್ನು ನನ್ನಿಂದ ನೋಡಲಾಗದು» ಎಂಬ ಉದ್ಗಾರ. ಹಿರಿಯರೊಬ್ಬರು ಗುಂಪಿನಲ್ಲಿ ತಮ್ಮ ಹೊಸ ಅಂಗಿಯ ಫೋಟೋ ಹಾಕಿದಾಗ ಅದರ ಕೆಳಗೆ 🙈 ಹಾಕಿದರೆ ಅವರು ನೊಂದುಕೊಳ್ಳುವುದು ಸಹಜ, ಏಕೆಂದರೆ ಅಲ್ಲಿ ಕೆಲಸ ಅವರದು, ಕಣ್ಣು ಮುಚ್ಚಿಕೊಂಡವರು ನೀವು. ಅದೇ ಹಿರಿಯರು ನಿಮ್ಮ ಅಂಗಿಯನ್ನು ಹೊಗಳಿದಾಗ 🙈 ಹಾಕಿದರೆ ಅದು ವಿನಯ.

ಗಾಂಧೀಜಿಯವರ ಮೂರು ಕೋತಿಗಳಿಗೂ ಈ ಎಮೋಜಿಗಳಿಗೂ ಸಂಬಂಧವಿದೆಯೇ?

ಮೂಲ ಒಂದೇ, ಮಾತು ಬೇರೆ. «ಕೆಟ್ಟದ್ದನ್ನು ನೋಡಬೇಡ, ಕೆಟ್ಟದ್ದನ್ನು ಕೇಳಬೇಡ, ಕೆಟ್ಟದ್ದನ್ನು ಆಡಬೇಡ» ಎಂದು ನಮ್ಮ ಶಾಲೆಗಳಲ್ಲಿ ಕಲಿಸುವ ಪಾಠಕ್ಕೆ ಗಾಂಧೀಜಿ ತಮ್ಮ ಬಳಿ ಇಟ್ಟುಕೊಂಡಿದ್ದ ಮೂರು ಕೋತಿಗಳ ಪುಟ್ಟ ಬೊಂಬೆಯೇ ಆಧಾರವಾದ್ದರಿಂದ, ಈ ಕೋತಿಗಳು ನಮ್ಮವೇ ಎಂಬ ಭಾವನೆ ಇಲ್ಲಿ ಗಟ್ಟಿಯಾಗಿದೆ. ಆದರೆ ಈ ಕೋತಿಗಳ ತವರು ಜಪಾನ್. ಅಲ್ಲಿನ ನಿಕ್ಕೋ ಎಂಬ ಊರಿನಲ್ಲಿ, ತೊಕುಗಾವಾ ಇಯೆಯಾಸು ಎಂಬ ಆಡಳಿತಗಾರನ ಸ್ಮರಣೆಗೆ ಕಟ್ಟಿಸಿದ ತೋಷೋಗು ದೇಗುಲವಿದೆ. ಅದರ ಪವಿತ್ರ ಕುದುರೆಗಳ ಲಾಯದ ಮೇಲಿರುವ 17ನೆಯ ಶತಮಾನದ ಮರದ ಕೆತ್ತನೆ ಈ ಮೂವರ ಅತ್ಯಂತ ಪ್ರಸಿದ್ಧವಾದ ರೂಪ. ಕೋತಿಗಳು ಕುದುರೆಗಳನ್ನು ರೋಗದಿಂದ ಕಾಯುತ್ತವೆ ಎಂಬ ನಂಬಿಕೆಯಿಂದ ಲಾಯಕ್ಕೆ ಕೋತಿಗಳು ಬಂದವು. ಅಲ್ಲಿರುವುದು ಮೂರೇ ಕೋತಿಗಳಲ್ಲ. 8 ಫಲಕಗಳಲ್ಲಿ 16 ಕೋತಿಗಳು ಮನುಷ್ಯನ ಬದುಕಿನ ಘಟ್ಟಗಳನ್ನು ತೋರಿಸುತ್ತವೆ, ಅವುಗಳಲ್ಲಿ ನಮ್ಮ ಮೂವರು ಬಾಲ್ಯದ ಫಲಕದಲ್ಲಿದ್ದಾರೆ. ಎಳೆಯ ವಯಸ್ಸಿನಲ್ಲಿ ಕೆಟ್ಟದ್ದು ಕಣ್ಣಿಗೆ, ಕಿವಿಗೆ, ಬಾಯಿಗೆ ಬೀಳದಿರಲಿ ಎಂಬುದು ಅದರ ತಾತ್ಪರ್ಯ.

ಈ ಉಪದೇಶಕ್ಕೆ ಕೋತಿಯೇ ಏಕೆ ಎಂಬುದಕ್ಕೆ ಕಾರಣ ಭಾಷೆಯಲ್ಲಿದೆ. ಜಪಾನಿಯಲ್ಲಿ «ಮಿಜರು, ಇವಜರು, ಕಿಕಜರು» ಎಂದರೆ ನೋಡದೆ, ಆಡದೆ, ಕೇಳದೆ ಎಂದರ್ಥ. ಕೋತಿಗೆ ಅಲ್ಲಿ «ಸರು» ಎನ್ನುತ್ತಾರೆ. ಮಳೆ ಮತ್ತು ಕಾಲ ಸೇರಿ ಮಳೆಗಾಲವಾಗುವಂತೆ, ಪದಗಳು ಕೂಡಿದಾಗ ಜಪಾನಿಯಲ್ಲೂ ಎರಡನೆಯ ಪದದ ಮೊದಲ ವ್ಯಂಜನ ಮೆದುವಾಗಿ «ಸರು» ಎಂಬುದು «ಜರು» ಆಗಬಲ್ಲದು. ಹೀಗೆ ನಿಷೇಧದ ಪ್ರತ್ಯಯವೂ ಕೋತಿಯ ಹೆಸರೂ ಒಂದೇ ದನಿಯಲ್ಲಿ ಕೇಳಿಸಿ, ಶ್ಲೇಷೆಯಿಂದ ಕೋತಿಗಳು ಹುಟ್ಟಿಕೊಂಡವು. ಉಪದೇಶ ಅದಕ್ಕಿಂತಲೂ ಹಳೆಯದು. ಚೀನಾದ ತತ್ವಜ್ಞಾನಿ ಕನ್ಫ್ಯೂಷಿಯಸ್‌ನ ಮಾತುಗಳಲ್ಲಿ, ಮರ್ಯಾದೆಗೆ ಹೊರತಾದುದನ್ನು ನೋಡಬಾರದು, ಕೇಳಬಾರದು, ಆಡಬಾರದು ಎಂಬುದರ ಜೊತೆಗೆ ಮಾಡಲೂಬಾರದು ಎಂಬ ನಾಲ್ಕನೆಯ ಮಾತೂ ಇದೆ. ನಾಲ್ಕನೆಯ ಕೋತಿ ಎಮೋಜಿಯಾಗಿ ಬಂದಿಲ್ಲ. ಬಹುಶಃ ಬಂದಿದ್ದರೂ ಅದನ್ನು ಹೆಚ್ಚು ಜನ ಬಳಸುತ್ತಿರಲಿಲ್ಲ.

ಈಗ ಬಳಕೆಯ ವ್ಯತ್ಯಾಸಕ್ಕೆ ಬರೋಣ. ಗಾಂಧೀಜಿಯವರ ಕೋತಿಗೆ ಕೆಟ್ಟದ್ದು ಹೊರಗಿದೆ, ಅದನ್ನು ತಡೆಯಲು ಕೈ ಅಡ್ಡವಾಗಿದೆ. ಮೊಬೈಲಿನ ಕೋತಿಗೆ ಎಡವಟ್ಟು ತನ್ನದೇ, ತನ್ನ ಮುಖ ಯಾರಿಗೂ ಕಾಣದಿರಲಿ ಎಂದು ಕೈ ಅಡ್ಡವಾಗಿದೆ. ಚಿತ್ರ ಬದಲಾಗದೆ ಕೈಯ ಕೆಲಸ ಮಾತ್ರ ತಿರುವುಮುರುವಾಗಿರುವುದರಿಂದಲೇ ಹಿರಿಯರಿಗೂ ಕಿರಿಯರಿಗೂ ಇಲ್ಲಿ ಹೊಂದಿಕೆಯಾಗುವುದಿಲ್ಲ. ನಮ್ಮಲ್ಲಿ ಇದಕ್ಕೆ ಹತ್ತಿರವಾದ ಪ್ರಾಣಿ ಕೋತಿಗಿಂತ ಬೆಕ್ಕು ಎನ್ನಬೇಕು. ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವ ಬೆಕ್ಕಿಗೆ ತನ್ನನ್ನು ಯಾರೂ ನೋಡುತ್ತಿಲ್ಲ ಎಂಬ ನಂಬಿಕೆ ಇರುತ್ತದಲ್ಲ, 🙈 ಕಳುಹಿಸುವವರ ಮನಸ್ಸೂ ಹೆಚ್ಚುಕಡಿಮೆ ಅದೇ.

🙉 ಅನ್ನು ಯಾವಾಗ ಬಳಸುತ್ತಾರೆ?

ಮೂರರಲ್ಲಿ ಕಡಿಮೆ ಕೆಲಸವಿರುವುದು ಇದಕ್ಕೆ ಎಂಬುದು ನನ್ನ ಅನಿಸಿಕೆ. ಸಿನಿಮಾ ನೋಡುವ ಮೊದಲೇ ಕಥೆ ಹೇಳಲು ಹೊರಟವರನ್ನು ತಡೆಯಲು, ಗಣೇಶನ ಮೆರವಣಿಗೆಯ ಧ್ವನಿವರ್ಧಕದ ಬಗ್ಗೆ ಗೊಣಗಲು, ಬೇಡದ ಸುದ್ದಿಗೆ ಕಿವಿಗೊಡುವುದಿಲ್ಲ ಎನ್ನಲು ಇದು ಸಾಕು. ಚಾಡಿಮಾತಿಗೆ ಇದನ್ನು ಹಾಕುವವರು ಮಾತ್ರ ಸಾಮಾನ್ಯವಾಗಿ ಮುಂದಿನ ಸಾಲಿನಲ್ಲೇ «ಆಮೇಲೆ ಏನಾಯಿತು» ಎಂದೂ ಕೇಳಿರುತ್ತಾರೆ.

🙊 ಎಂದರೆ ಗುಟ್ಟೇ ಅಥವಾ ತಪ್ಪೇ?

ಎರಡೂ ಹೌದು, ವಾಕ್ಯದ ಕಾಲವನ್ನು ನೋಡಿ ತೀರ್ಮಾನಿಸಬೇಕು. ಇನ್ನೂ ಹೇಳದ ವಿಷಯಕ್ಕೆ ಹಾಕಿದರೆ ಅದು ಗುಟ್ಟು: «ಭಾನುವಾರ ಅಪ್ಪನ ಷಷ್ಟ್ಯಬ್ದಿಗೆ ಎಲ್ಲರೂ ಬರುತ್ತಿದ್ದಾರೆ, ಅವರಿಗೆ ಗೊತ್ತಿಲ್ಲ 🙊». ಆಗಲೇ ಆಡಿಬಿಟ್ಟ ಮಾತಿಗೆ ಹಾಕಿದರೆ ಅದು ಬಾಯಿತಪ್ಪಿ ಬಂದದ್ದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಗೆ ಇದಕ್ಕಿಂತ ಚಿಕ್ಕದಾದ ಚಿತ್ರ ಸಿಗಲಾರದು. ತಪ್ಪಾದ ಗುಂಪಿಗೆ ಗುಟ್ಟನ್ನು ಕಳುಹಿಸಿದವರಿಗೆ ಇದು ಎರಡೂ ಅರ್ಥಗಳಲ್ಲಿ ಏಕಕಾಲಕ್ಕೆ ಅನ್ವಯಿಸುತ್ತದೆ. ಈ ಅನುಭವ ನನಗೂ ಆಗಿದೆ: ಚಿಕ್ಕಮ್ಮನಿಗೆಂದು ತಂದಿಟ್ಟ ಸೀರೆಯ ಫೋಟೋವನ್ನು ಚಿಕ್ಕಮ್ಮನೇ ಇರುವ ಗುಂಪಿಗೆ ಹಾಕಿ, ಮೂರು ಸೆಕೆಂಡಿನೊಳಗೆ ಅವರಿಂದ 🙈 ಉತ್ತರ ಪಡೆದಿದ್ದೇನೆ.

ಮೂರನ್ನೂ ಒಟ್ಟಿಗೆ ಹಾಕಿದರೆ ಏನರ್ಥ?

ಅಕ್ಟೋಬರ್ 2ರಂದು ಗಾಂಧಿ ಜಯಂತಿಯ ಶುಭಾಶಯದ ಜೊತೆಗೆ ಬಂದರೆ ಶಾಲೆಯಲ್ಲಿ ಕಲಿತ ಅರ್ಥವನ್ನೇ ಹಿಡಿಯಬೇಕು. ಬೇರೆ ದಿನಗಳಲ್ಲಿ, ಅದರಲ್ಲೂ ಊರಿನ ರಸ್ತೆ, ಕೆರೆ, ಕಸದ ವಿಷಯ ಮಾತಾಡುವ ಗುಂಪುಗಳಲ್ಲಿ ಬಂದರೆ ಅದು ಬಹುತೇಕ ಚುಚ್ಚುಮಾತು. ಎಲ್ಲ ಗೊತ್ತಿದ್ದೂ ಸುಮ್ಮನಿರುವವರನ್ನು ಹೀಯಾಳಿಸಲು ಕನ್ನಡದಲ್ಲಿ ಜಾಣ ಕುರುಡು, ಜಾಣ ಕಿವುಡು, ಜಾಣ ಮೌನ ಎಂಬ ಮೂರು ಮಾತುಗಳು ಮೊದಲಿನಿಂದಲೂ ಇವೆ. ಪತ್ರಿಕೆಗಳ ತಲೆಬರಹದಲ್ಲಿ ಇವು ದಿನವೂ ಕಾಣುತ್ತವೆ. 🙈🙉🙊 ಎಂಬುದು ಆ ಮೂರರ ನೇರ ಚಿತ್ರಾನುವಾದದಂತೆ ಕೂತುಬಿಟ್ಟಿದೆ. ಉಪದೇಶದಲ್ಲಿ ಸದ್ಗುಣವಾಗಿದ್ದ ಕಣ್ಣು ಮುಚ್ಚುವಿಕೆ ಇಲ್ಲಿ ಆರೋಪವಾಗಿದೆ. ಆದ್ದರಿಂದ ಅಪಾರ್ಟ್‌ಮೆಂಟಿನ ಗುಂಪಿನಲ್ಲಿ ನೀರಿನ ಟ್ಯಾಂಕರಿನ ಲೆಕ್ಕ ಕೇಳಿದಾಗ ಯಾರಾದರೂ ಈ ಮೂರನ್ನು ಹಾಕಿದರೆ, ಅದು ಸಮಿತಿಯವರಿಗೆ ಹೇಳಿದ ಮಾತು ಎಂದು ಅರ್ಥ ಮಾಡಿಕೊಳ್ಳಬೇಕು.

ಒಂದು ಸಣ್ಣ ವಿಚಾರ: ಜಪಾನಿಯರ ಮಾತಿನಲ್ಲಿ ಕ್ರಮ ನೋಡದೆ, ಆಡದೆ, ಕೇಳದೆ ಎಂದಿದೆ. ಎಮೋಜಿಗಳು ಇಂಗ್ಲಿಷ್ ಗಾದೆಯ ಕ್ರಮವನ್ನು ಹಿಡಿದು ಕಣ್ಣು, ಕಿವಿ, ಬಾಯಿ ಎಂದು ಸಾಲಾಗಿ ನಿಂತಿವೆ. ಕನ್ನಡದ ಪಾಠದ ಕ್ರಮವೂ ಇದೇ.

🙈 ಬದಲಿಗೆ 🤦, 🤭 ಅಥವಾ 🫣 ಬಳಸಬಹುದೇ?

ಬಳಸಬಹುದು, ಆದರೆ ತೂಕ ಬೇರೆಯಾಗುತ್ತದೆ. ಹಣೆಗೆ ಕೈ ಒತ್ತಿಕೊಂಡ 🤦 2016ರಲ್ಲಿ ಬಂದದ್ದು. ಅದರಲ್ಲಿ ಬೇಸರ, ಕೆಲವೊಮ್ಮೆ ತಿರಸ್ಕಾರ ಇರುತ್ತದೆ, ನಾಚಿಕೆ ಇರುವುದಿಲ್ಲ. ಮರುವರ್ಷ ಬಂದ 🤭 ಬಾಯಿಗೆ ಕೈ ಅಡ್ಡ ಹಿಡಿದ ಮುಸಿನಗು. 2021ರ ಪಟ್ಟಿಯ 🫣 ಬೆರಳ ಸಂದಿಯಿಂದ ಇಣುಕುತ್ತದೆ, ಹಾಗಾಗಿ ಭಯವಿದ್ದರೂ ನೋಡುವ ಆಸೆ ಇದೆ ಎನ್ನುವಲ್ಲಿ ಅದೇ ಹೆಚ್ಚು ಸರಿ. ಇಷ್ಟೆಲ್ಲ ಬಂದ ಮೇಲೂ ಕೋತಿ ಉಳಿದುಕೊಂಡಿರುವುದಕ್ಕೆ, ನನ್ನ ದೃಷ್ಟಿಯಲ್ಲಿ, ಒಂದು ಕಾರಣವಿದೆ. 🤦 ಹಾಕುವಾಗ ಗಂಡೋ ಹೆಣ್ಣೋ, ಮೈಬಣ್ಣ ಯಾವುದು ಎಂದು ಆರಿಸಬೇಕಾಗುತ್ತದೆ. ಕೋತಿಗೆ ಈ ಆಯ್ಕೆಗಳಿಲ್ಲ, ವಯಸ್ಸೂ ಇಲ್ಲ. ಹತ್ತನೆಯ ತರಗತಿಯ ಹುಡುಗಿಯೂ ನಿವೃತ್ತ ಮೇಷ್ಟ್ರೂ ಅದೇ ಮುಖದ ಹಿಂದೆ ಅಡಗಿಕೊಳ್ಳಬಹುದು.

🐒 ಮತ್ತು 🐵 ಕೂಡ ಇದೇ ಅರ್ಥ ಕೊಡುತ್ತವೆಯೇ?

ಇಲ್ಲ. ಇವು ಬೈಗುಳ ಮತ್ತು ಮುದ್ದಿನ ನಡುವೆ ಓಡಾಡುವ ಚಿತ್ರಗಳು. ಗೆಳತಿ «ಲೇ ಕೋತಿ» ಎನ್ನುವಾಗಿನ ಸಲಿಗೆಯನ್ನೂ, ಅಜ್ಜಿ ಮೊಮ್ಮಗನ ಕಪಿಚೇಷ್ಟೆಯನ್ನು ಹೇಳಿಕೊಳ್ಳುವಾಗಿನ ಅಕ್ಕರೆಯನ್ನೂ, ಧಾರವಾಡದ ಕಡೆಯವರು «ಮಂಗ್ಯಾ» ಎಂದು ಗದರುವುದನ್ನೂ 🐒 ಹೊರಬಲ್ಲದು. ಯಾರೋ ತನ್ನನ್ನು ಮಂಗ ಮಾಡಿದರು ಎಂದು ಹೇಳಿಕೊಳ್ಳುವಾಗ 🐵 ಬರುತ್ತದೆ. ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿದ ಕೋತಿಯ ಗಾದೆಯನ್ನು ಜ್ಞಾಪಿಸಲು 🐒 ಮತ್ತು 🐐 ಎರಡನ್ನು ಪಕ್ಕದಲ್ಲಿ ಹಾಕುವವರನ್ನೂ ನೋಡಿದ್ದೇನೆ, ಗಾದೆ ಗೊತ್ತಿಲ್ಲದವರಿಗೆ ಅದು ಒಗಟು. ಸಲಿಗೆ ಇಲ್ಲದವರಿಗೆ ಇವೆರಡನ್ನೂ ಕಳುಹಿಸಬಾರದು.

ಹನುಮ ಜಯಂತಿಯ ಶುಭಾಶಯಕ್ಕೆ ಕೋತಿಯ ಎಮೋಜಿ ಹಾಕಬಹುದೇ?

ಹಾಕದಿರುವುದು ಒಳ್ಳೆಯದು. ಆನೆಗೊಂದಿಯ ಬಳಿಯ ಅಂಜನಾದ್ರಿಯನ್ನು ಆಂಜನೇಯನ ಜನ್ಮಸ್ಥಳವೆಂದು ನಂಬಿ ಬೆಟ್ಟ ಹತ್ತುವವರಿಗೆ ದಾರಿಯುದ್ದಕ್ಕೂ ಕೋತಿಗಳು ಎದುರಾಗುತ್ತವೆ, ಅವಕ್ಕೆ ಬಾಳೆಹಣ್ಣನ್ನೂ ಕೊಡುತ್ತಾರೆ. ಆದರೂ ದೇವರನ್ನು ಕರೆಯುವಾಗ ಆಂಜನೇಯ, ಹನುಮಪ್ಪ, ಪ್ರಾಣದೇವರು ಎನ್ನುತ್ತಾರೆಯೇ ಹೊರತು ಕೋತಿ ಎನ್ನುವುದಿಲ್ಲ. ಮಾತಿನಲ್ಲಿ ಇಲ್ಲದ್ದನ್ನು ಚಿತ್ರದಲ್ಲಿ ತರುವುದು ಸಲ್ಲದು. 🙏 ಅಥವಾ 🚩 ಸಾಕು.

ವಿದೇಶದಲ್ಲಿರುವವರಿಗೆ ಕೋತಿಯ ಎಮೋಜಿ ಕಳುಹಿಸುವಾಗ ಎಚ್ಚರ ಬೇಕೇ?

ಖಂಡಿತ ಬೇಕು, ಮತ್ತು ಈ ಪ್ರಶ್ನೆಯನ್ನು ಹಗುರವಾಗಿ ಕಾಣಬಾರದು. ಕಪ್ಪುಜನರನ್ನು ಕೋತಿಗೆ ಹೋಲಿಸಿ ಅವಮಾನಿಸುವ ಚಾಳಿ ಯೂರೋಪು, ಅಮೆರಿಕಗಳಲ್ಲಿ ಬಹಳ ಹಳೆಯದು, ಮತ್ತು ಎಮೋಜಿ ಅದರ ಹೊಸ ಸಾಧನವಾಗಿದೆ. 2021ರ ಜುಲೈ 11ರಂದು ಲಂಡನ್ನಿನ ವೆಂಬ್ಲಿಯಲ್ಲಿ ನಡೆದ ಯೂರೋ ಫುಟ್‌ಬಾಲ್ ಫೈನಲ್‌ನಲ್ಲಿ ಇಂಗ್ಲೆಂಡ್ ಇಟಲಿಯೆದುರು ಪೆನಾಲ್ಟಿಯಲ್ಲಿ ಸೋತಾಗ, ಗೋಲು ತಪ್ಪಿಸಿಕೊಂಡ ಮಾರ್ಕಸ್ ರ‍್ಯಾಷ್‌ಫರ್ಡ್, ಜೇಡನ್ ಸ್ಯಾಂಚೊ ಮತ್ತು ಬುಕಾಯೊ ಸಾಕಾ ಅವರ ಇನ್‌ಸ್ಟಾಗ್ರಾಂ ಪುಟಗಳಲ್ಲಿ ಕೋತಿಯ ಎಮೋಜಿಗಳು ತುಂಬಿಕೊಂಡವು. ದೂರು ಕೊಟ್ಟವರಿಗೆ, ಇದು ನಿಯಮದ ಉಲ್ಲಂಘನೆಯಲ್ಲ ಎಂಬ ಉತ್ತರ ಮೊದಲು ಬಂದಿತ್ತು; ಆ ಬಗೆಯ ಕೆಲವು ಟಿಪ್ಪಣಿಗಳನ್ನು ತಮ್ಮ ತಂತ್ರಾಂಶ ತಪ್ಪಾಗಿ ನಿರಪಾಯ ಎಂದು ಎಣಿಸಿತ್ತು ಎಂದು ಇನ್‌ಸ್ಟಾಗ್ರಾಂ ಆಮೇಲೆ ಒಪ್ಪಿಕೊಂಡಿತು. ಅಕ್ಷರದ ಬೈಗುಳವನ್ನು ಹಿಡಿಯುವ ಜಾಲರಿಯಿಂದ ಚಿತ್ರ ನುಣುಚಿಕೊಂಡಿತ್ತು.

ಕ್ರಿಕೆಟ್ ಬಲ್ಲವರಿಗೆ 2008ರ ಜನವರಿಯ ಸಿಡ್ನಿ ಟೆಸ್ಟ್ ನೆನಪಿರಬಹುದು. ಆಸ್ಟ್ರೇಲಿಯದ ಆಟಗಾರ ಆಂಡ್ರ್ಯೂ ಸೈಮಂಡ್ಸ್ ಅವರನ್ನು ಕೋತಿ ಎಂದರೆಂಬ ಆರೋಪಕ್ಕೆ ಹರ್ಭಜನ್ ಸಿಂಗ್ ಗುರಿಯಾದರು. ಆಗ ಭಾರತ ತಂಡದ ನಾಯಕರಾಗಿದ್ದವರು ನಮ್ಮ ಅನಿಲ್ ಕುಂಬ್ಳೆ. ಹರ್ಭಜನ್ ಮೇಲೆ ಹೇರಿದ್ದ ಮೂರು ಟೆಸ್ಟ್‌ಗಳ ನಿಷೇಧ ಮೇಲ್ಮನವಿಯಲ್ಲಿ ರದ್ದಾಯಿತು. ಆ ವಿವಾದದ ಹೊತ್ತಿನಲ್ಲಿ «ನಮ್ಮಲ್ಲಿ ಕೋತಿ ಅಂದರೆ ಅಷ್ಟು ದೊಡ್ಡ ಬೈಗುಳವೇ?» ಎಂದು ಕೇಳಿದವರು ಅನೇಕರಿದ್ದರು. ಆ ಪ್ರಶ್ನೆಗೆ ಉತ್ತರ ಇಷ್ಟೇ: ಬೈಗುಳದ ತೂಕವನ್ನು ಅಳೆಯುವುದು ಅದನ್ನು ಕೇಳಿಸಿಕೊಂಡವರ ಅನುಭವ. ಲಂಡನ್ನಿನ ಕಚೇರಿಯಲ್ಲಿ ಕೆಲಸ ಮಾಡುವ ಕನ್ನಡಿಗರು ಸಹೋದ್ಯೋಗಿಯ ಫೋಟೋಗೆ 🐒 ಹಾಕುವುದೂ, ಬೆಂಗಳೂರಿನಲ್ಲಿ ಓದುತ್ತಿರುವ ಆಫ್ರಿಕಾದ ವಿದ್ಯಾರ್ಥಿಯ ಸ್ಟೇಟಸ್‌ಗೆ ತಮಾಷೆಯೆಂದು 🙈 ಹಾಕುವುದೂ ಒಂದೇ ಅಪಾಯಕ್ಕೆ ಕೈ ಹಾಕಿದಂತೆ. ತಮ್ಮದೇ ಎಡವಟ್ಟಿಗೆ ತಾವೇ 🙈 ಹಾಕಿಕೊಳ್ಳುವುದರಲ್ಲಿ ತೊಂದರೆಯಿಲ್ಲ. ಇನ್ನೊಬ್ಬರ ಮುಖದ ಕೆಳಗೆ ಕೋತಿಯನ್ನು ಇಡುವುದರಲ್ಲಿ ಇದೆ.

ಮದುವೆಯ ಮಾತುಕತೆ ನಡೆದಿರುವವರು 🙈 ಕಳುಹಿಸಿದರೆ ಒಪ್ಪಿಗೆ ಎಂದು ತಿಳಿಯಬಹುದೇ?

ನಾಚಿಕೆ ಇದೆ ಎಂದು ತಿಳಿಯಬಹುದು, ಒಪ್ಪಿಗೆ ಎಂದು ತಿಳಿಯಬಾರದು. «ನಿಮ್ಮ ಹಾಡು ತುಂಬಾ ಚೆನ್ನಾಗಿತ್ತು» ಎಂಬುದಕ್ಕೆ 🙈 ಬಂದರೆ ಹೊಗಳಿಕೆ ಹಿಡಿಸಿದೆ. «ಡಿಸೆಂಬರಿನಲ್ಲಿ ಮುಹೂರ್ತ ನೋಡೋಣವೇ» ಎಂಬುದಕ್ಕೆ ಬರೀ 🙈 ಬಂದರೆ ಅದು ಉತ್ತರವನ್ನು ಮುಂದೂಡಿದ್ದೂ ಆಗಿರಬಹುದು. ಫೋನು ಮಾಡಿ ಕೇಳುವುದೇ ಸರಿ.

ಪ್ರಾಣಿಗಳ ಎಮೋಜಿಯನ್ನು ಒಪ್ಪಿಗೆಯೆಂದು ನಂಬಿ ನ್ಯಾಯಾಲಯಕ್ಕೆ ಹೋದ ಉದಾಹರಣೆಯೂ ಇದೆ. ಇಸ್ರೇಲಿನಲ್ಲಿ ಬಾಡಿಗೆ ಮನೆ ನೋಡುತ್ತಿದ್ದ ಜೋಡಿಯೊಂದು ಮನೆಯ ಮಾಲೀಕರಿಗೆ ನರ್ತಕಿ, ಷಾಂಪೇನ್ ಸೀಸೆ, ಅಳಿಲು ಮೊದಲಾದ ಎಮೋಜಿಗಳಿದ್ದ ಉತ್ಸಾಹದ ಸಂದೇಶ ಕಳುಹಿಸಿತು. ಮಾಲೀಕರು ಜಾಹೀರಾತನ್ನು ತೆಗೆದುಹಾಕಿದ ಮೇಲೆ ಜೋಡಿ ಸದ್ದಿಲ್ಲದೆ ಹಿಂದೆ ಸರಿಯಿತು. 2017ರ ತೀರ್ಪಿನಲ್ಲಿ ನ್ಯಾಯಾಲಯ ಇದನ್ನು ಒಪ್ಪಂದವೆಂದು ಹೇಳಲಿಲ್ಲ, ಆದರೆ ಆ ಚಿತ್ರಗಳು ಮಾಲೀಕರಲ್ಲಿ ಭರವಸೆ ಹುಟ್ಟಿಸಿದವೆಂದು 8,000 ಶೆಕೆಲ್ ಪರಿಹಾರ ಕೊಡಿಸಿತು. ಅಳಿಲಿಗೆ ಅಲ್ಲಿ ಏನು ಕೆಲಸವಿತ್ತು ಎಂದು ನಾನು ಆಗಾಗ ಯೋಚಿಸುವುದುಂಟು.

ಕಚೇರಿಯ ಸಂದೇಶಗಳಲ್ಲಿ ಬಳಸಬಹುದೇ?

ಸಮಾನರ ನಡುವೆ, ಸಣ್ಣ ತಪ್ಪಿಗೆ, ಒಂದು 🙈 ನಡೆಯುತ್ತದೆ. ಹಣ, ಗಡುವು, ಗ್ರಾಹಕರ ದೂರು ಇವುಗಳ ವಿಷಯದಲ್ಲಿ ಬಳಸಬಾರದು. «ತಪ್ಪು ಖಾತೆಗೆ ಹಣ ಹಾಕಿಬಿಟ್ಟೆ 🙈» ಎಂಬ ಸಂದೇಶದಲ್ಲಿ ಕೋತಿಯೇ ದೊಡ್ಡ ತಪ್ಪಾಗಿ ಕಾಣುತ್ತದೆ. ಸಾವಿನ ಸುದ್ದಿಗೆ ಇವು ಯಾವುವೂ ಸಲ್ಲವು. ನೋಡಲಾಗದ ದುಃಖ ಎಂಬ ಅರ್ಥದಲ್ಲಿ ಹಾಕಿದರೂ ಓದುವವರಿಗೆ ಆಟದ ಕೋತಿಯೇ ಕಾಣಿಸುತ್ತದೆ.

ಮಕ್ಕಳು ಈ ಕೋತಿಗಳನ್ನು ಗುಪ್ತ ಸಂಕೇತವಾಗಿ ಬಳಸುತ್ತಾರೆಯೇ?

ಎಮೋಜಿಗಳ ಗುಪ್ತ ಅರ್ಥ ಎಂಬ ಪಟ್ಟಿಗಳು ಪೋಷಕರ ಗುಂಪುಗಳಲ್ಲಿ ಆಗಾಗ ಸುತ್ತುತ್ತವೆ. ಈ ಮೂರು ಕೋತಿಗಳಿಗೆ ಎಲ್ಲ ಮಕ್ಕಳೂ ಒಪ್ಪಿದ ಗುಪ್ತ ಅರ್ಥವೇನೂ ಇಲ್ಲ. ಇಬ್ಬರು ಗೆಳೆಯರು ತಮ್ಮೊಳಗೆ ಯಾವ ಚಿತ್ರಕ್ಕೆ ಯಾವ ಅರ್ಥ ಬೇಕಾದರೂ ಕೊಟ್ಟುಕೊಳ್ಳಬಹುದು, ಅದು ಪಟ್ಟಿಯಲ್ಲಿ ಸಿಗುವುದಿಲ್ಲ. ಪಟ್ಟಿ ಹಿಡಿದು ಫೋನು ತಪಾಸಣೆ ಮಾಡುವುದಕ್ಕಿಂತ, 🙊 ಯಾಕೆ ಹಾಕಿದೆ ಎಂದು ಮಗುವನ್ನೇ ಕೇಳುವುದು ಸುಲಭ.

ದೃಷ್ಟಿ ಇಲ್ಲದವರಿಗೆ ಇವು ಹೇಗೆ ತಲುಪುತ್ತವೆ?

ಟಾಕ್‌ಬ್ಯಾಕ್, ವಾಯ್ಸ್‌ಓವರ್‌ನಂತಹ ಓದುವ ತಂತ್ರಾಂಶಗಳು ಎಮೋಜಿ ಬಂದಲ್ಲಿ ಅದರ ಹೆಸರನ್ನು ಗಟ್ಟಿಯಾಗಿ ಓದುತ್ತವೆ. ಸಂತೋಷಕ್ಕೆಂದು ಎಂಟು ಕೋತಿಗಳನ್ನು ಸಾಲಾಗಿ ಹಾಕಿದರೆ ಕೇಳುವವರು ಆ ಉದ್ದನೆಯ ಹೆಸರಿನ ಕಾಟವನ್ನು ಸಹಿಸಬೇಕಾಗಬಹುದು. ವಾಕ್ಯದ ನಡುವೆ ಹಾಕಿದರೆ ಓದು ತುಂಡಾಗುತ್ತದೆ. ಒಂದೇ ಸಾಕು, ಅದೂ ಕೊನೆಯಲ್ಲಿ.

ನನ್ನ ಸಂದೇಶಕ್ಕೆ ಯಾರೋ 🙈 ಪ್ರತಿಕ್ರಿಯೆ ಒತ್ತಿದ್ದಾರೆ. ಕೈತಪ್ಪಿ ಒತ್ತಿರಬಹುದೇ?

ಸಾಧ್ಯತೆ ಕಡಿಮೆ. ವಾಟ್ಸಾಪ್ 2022ರಲ್ಲಿ ಪ್ರತಿಕ್ರಿಯೆಯ ಸೌಲಭ್ಯ ತಂದಾಗ ಕೊಟ್ಟದ್ದು ಆರೇ ಚಿತ್ರಗಳನ್ನು. ಅವುಗಳಲ್ಲಿ ಕೋತಿ ಇರಲಿಲ್ಲ. ಅದೇ ವರ್ಷ ಎಲ್ಲ ಎಮೋಜಿಗಳಿಗೂ ಅವಕಾಶ ಸಿಕ್ಕಿತು. ಕೋತಿಯನ್ನು ಆಗಾಗ ಬಳಸದವರು ಕೂಡಿಸು ಚಿಹ್ನೆ ಒತ್ತಿ, ಪಟ್ಟಿಯಲ್ಲಿ ಹುಡುಕಿ ತರಬೇಕು. ಅಷ್ಟು ಶ್ರಮ ಪಟ್ಟಿದ್ದಾರೆಂದರೆ ಉದ್ದೇಶವಿತ್ತು. ಉದ್ದೇಶ ಯಾವುದೆಂದು ತಿಳಿಯಲು ಮೇಲೆ ಹೇಳಿದ ದಾರಿಯನ್ನೇ ಹಿಡಿಯಿರಿ: ಆ ಸಂದೇಶದಲ್ಲಿದ್ದ ಕೆಲಸ ನಿಮ್ಮದೋ, ಅವರದೋ?

ತಪ್ಪಾಗಿ ಹೋದ ಕೋತಿಯನ್ನು ವಾಪಸ್ ಪಡೆಯುವುದು ಹೇಗೆ?

ಪ್ರತಿಕ್ರಿಯೆಯಾದರೆ ಅದನ್ನೇ ಮತ್ತೊಮ್ಮೆ ಒತ್ತಿದರೆ ಹೋಗುತ್ತದೆ. ಸಂದೇಶವಾದರೆ ಎರಡು ದಿನಕ್ಕೂ ತುಸು ಹೆಚ್ಚು ಕಾಲ ಎಲ್ಲರಿಗೂ ಅಳಿಸುವ ಅವಕಾಶ ವಾಟ್ಸಾಪ್‌ನಲ್ಲಿದೆ. ಆದರೆ ಅಳಿಸಿದ ಜಾಗದಲ್ಲಿ ಸಂದೇಶವನ್ನು ಅಳಿಸಲಾಗಿದೆ ಎಂಬ ಸಾಲು ಉಳಿಯುತ್ತದೆ, ಮತ್ತು ಕೋತಿಯನ್ನು ಗಮನಿಸದೆ ಮುಂದೆ ಹೋಗುತ್ತಿದ್ದ ಹತ್ತು ಜನ ಆ ಸಾಲನ್ನು ಕಂಡು «ಏನದು, ಏನದು» ಎಂದು ಕೇಳಲು ಶುರು ಮಾಡುತ್ತಾರೆ. 15 ನಿಮಿಷಗಳೊಳಗೆ ನೆನಪಾದರೆ ಅಳಿಸುವುದಕ್ಕಿಂತ ಸಂದೇಶವನ್ನು ತಿದ್ದಿ, ಕೋತಿಯ ಜಾಗದಲ್ಲಿ 🙏 ಕೂರಿಸುವುದು ಮೇಲು.